ಬ್ಯಾಟರಿ ಹೊಸದು, ಡೈನಮೋ ಹೊಸದು, ಕಾರು ಮಾತ್ರ ಹಾಗೇ

ಮಂಡ್ಯದ ನಮ್ಮ ಶೆಡ್ಡಿಗೆ ವೈರಿಂಗ್ ತೊಂದರೆ ಅಂತ ಬರುವ ಎಷ್ಟೋ ಕಾರುಗಳ ಡಿಕ್ಕಿಯಲ್ಲಿ ಒಂದು ಗೋಣಿಚೀಲ ಇರುತ್ತದೆ. ಒಳಗೆ ಬಿಚ್ಚಿ ಹಾಕಿದ ಹಳೇ ಪಾರ್ಟುಗಳು. ಓನರ್ ಒಂದೊಂದನ್ನೇ ಎತ್ತಿ ತೋರಿಸುತ್ತಾರೆ. "ನೋಡಿ ಮೇಡಂ, ಈ ಸೆನ್ಸರ್ ಚೇಂಜ್ ಮಾಡಿಸಿದ್ದಾಯ್ತು, ಈ ರಿಲೇನೂ ಆಯ್ತು, ಆದ್ರೂ ಹೋಗ್ಲಿಲ್ಲ." ನಾನು ಆ ಪಾರ್ಟುಗಳನ್ನು ಬೆಂಚಿನ ಮೇಲಿಟ್ಟು ಚೆಕ್ ಮಾಡುತ್ತೇನೆ. ಹೆಚ್ಚಿನವು ಸರಿಯಾಗೇ ಇರುತ್ತವೆ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಮದುವೆಗೆ ಮುಂಚೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಸರ್ಕ್ಯೂಟ್ ಬೋರ್ಡ್ ಟೆಸ್ಟ್ ಮಾಡುವ ಕೆಲಸದಲ್ಲಿದ್ದೆ. ಶೆಡ್ಡು ನಮ್ಮ ಯಜಮಾನರದು. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಅವರ ಪಾಲು. ವೈರು, ಫ್ಯೂಸು, ಸೆನ್ಸರು ಅಂದರೆ ನನ್ನ ಕಡೆ ಕೈ ತೋರಿಸಿಬಿಡುತ್ತಾರೆ. ಮೊದಲ ಸಲ ಬಂದವರು ನನ್ನನ್ನು ದಾಟಿ ಒಳಗೆ ಇಣುಕಿ "ಮಿಸ್ತ್ರಿ ಇಲ್ವಾ?" ಅಂತ ಕೇಳುತ್ತಾರೆ. ಈಗ ಅದು ಅಭ್ಯಾಸವಾಗಿದೆ.

ಬೋರ್ಡ್ ಟೆಸ್ಟ್ ಮಾಡುವ ಜಾಗದಲ್ಲಿ ಒಂದು ನಿಯಮ ಇತ್ತು. ಅಳೆಯದೆ ಯಾವ ಪಾರ್ಟನ್ನೂ ಬಿಚ್ಚುವ ಹಾಗಿಲ್ಲ. ಕಾರಿನ ಲೋಕದಲ್ಲಿ ನಡೆಯುತ್ತಿರುವುದು ಇದಕ್ಕೆ ಪೂರ್ತಿ ಉಲ್ಟಾ. ಮೊದಲು ಬದಲಾಯಿಸು, ಹೋಗದಿದ್ದರೆ ಇನ್ನೊಂದು ಬದಲಾಯಿಸು. ದುಡ್ಡು ಹೇಗೂ ಓನರ್‌ದು.

ಪಾಂಡವಪುರದ ಕಡೆಯ ಒಬ್ಬ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರ ಕಾರಿನ ಕಥೆ ಹೇಳುತ್ತೇನೆ. ಚಿಕ್ಕ ಪೆಟ್ರೋಲ್ ಕಾರು, ಹಳೆಯದು. ಬೆಳಿಗ್ಗೆ ಸ್ಟಾರ್ಟರ್ ಎಳೆದೆಳೆದು ತಿರುಗುತ್ತಿತ್ತು. ರಾತ್ರಿ ಮಳೆಯಲ್ಲಿ ಹೆಡ್‌ಲೈಟು, ವೈಪರು, ಎಸಿ ಎಲ್ಲ ಹಾಕಿಕೊಂಡು ಹೊರಟರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೀಟರ್ ಬೋರ್ಡಿನ ದೀಪಗಳು ಒಂದೊಂದೇ ಹತ್ತಿಕೊಳ್ಳುತ್ತಿದ್ದವು. ಆಮೇಲೆ ಸ್ಟೀರಿಂಗ್ ಕಲ್ಲಿನಷ್ಟು ಗಟ್ಟಿ. "ಹಗಲೊತ್ತು ಏನೂ ಇಲ್ಲ ಕಣಮ್ಮ, ಕತ್ತಲಾದ್ರೆ ಇದಕ್ಕೆ ಅದೇನ್ ಬತ್ತದೋ" ಅಂದರು ಮೇಷ್ಟ್ರು.

ಮೊದಲು ಒಬ್ಬರು ಬ್ಯಾಟರಿ ಬದಲಾಯಿಸಿದ್ದರು. ಆಮೇಲೆ ಇನ್ನೊಬ್ಬರು ಡೈನಮೋ, ಅಂದರೆ ಆಲ್ಟರ್ನೇಟರ್, ಇಡೀ ಸೆಟ್ಟೇ ಹೊಸದು ಹಾಕಿದ್ದರು. ಮೂರನೆಯವರು ಸ್ಕ್ಯಾನರ್ ಹಾಕಿದಾಗ ಪಿ 0562 ಅಂತ ಒಂದು ಕೋಡು, ಸ್ಟೀರಿಂಗ್ ಯೂನಿಟ್ ಮಾತಾಡುತ್ತಿಲ್ಲ ಅಂತ ಇನ್ನೊಂದು ಕೋಡು ಬಂದಿತ್ತು. ಸ್ಟೀರಿಂಗ್ ಕಂಟ್ರೋಲ್ ಯೂನಿಟ್ಟೇ ಹೋಗಿದೆ ಅಂದರಂತೆ. ಅದರ ರೇಟು ಕೇಳಿ ಮೇಷ್ಟ್ರು ಗಾಡಿ ತಿರುಗಿಸಿಕೊಂಡು ನಮ್ಮ ಹತ್ತಿರ ಬಂದರು.

ಎಂಜಿನ್ ಆಫ್ ಇದ್ದಾಗ ಬ್ಯಾಟರಿ ನೋಡಿದೆ. 12.5 ವೋಲ್ಟ್. ಪೂರ್ತಿ ಚಾರ್ಜಾದ ಬ್ಯಾಟರಿ ಸ್ವಲ್ಪ ಹೊತ್ತು ಸುಮ್ನೆ ಇದ್ದರೆ 12.6ರ ಆಸುಪಾಸು ತೋರಿಸುತ್ತದೆ, 12.2 ಅಂದರೆ ಸುಮಾರು ಅರ್ಧ ಖಾಲಿ. ಹಾಗಾಗಿ ಇದು ಪರವಾಗಿಲ್ಲ. ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ನೋಡಿದೆ. 13.9. ಇದೂ ಪರವಾಗಿಲ್ಲ. ಹಿಂದಿನವರೆಲ್ಲ ಇಲ್ಲಿಗೇ ಮೀಟರ್ ಮಡಚಿ ಇಟ್ಟಿದ್ದರು ಅಂತ ಕಾಣುತ್ತದೆ. ಆದರೆ ಮೇಷ್ಟ್ರು ಹೇಳಿದ್ದೇನು? ಎಲ್ಲ ಹಾಕಿಕೊಂಡಾಗ ತೊಂದರೆ ಅಂತ. ಹಾಗಾದರೆ ಎಲ್ಲ ಹಾಕಿಯೇ ಅಳೆಯಬೇಕು ಅಲ್ವಾ?

ಹೆಡ್‌ಲೈಟ್ ಹೈಬೀಮು, ಬ್ಲೋವರ್ ಫುಲ್ಲು, ಎಸಿ, ವೈಪರು ಎಲ್ಲ ಹಾಕಿಸಿದೆ. ನಮ್ಮ ಶೆಡ್ಡಿನ ಹುಡುಗ ಆಕ್ಸಲರೇಟರ್ ಸ್ವಲ್ಪ ಒತ್ತಿ ಹಿಡಿದ. ಬ್ಯಾಟರಿ ಮೇಲೆ ಈಗ 12.4, ಮೆಲ್ಲಗೆ ಇಳಿಯುತ್ತಾ ಇತ್ತು. ಅಂದರೆ ಎಂಜಿನ್ ಓಡುತ್ತಿದ್ದರೂ ಬ್ಯಾಟರಿ ಖಾಲಿಯಾಗುತ್ತಿದೆ. ಡೈನಮೋ ದಪ್ಪ ವೈರಿನ ಬೋಲ್ಟಿಗೆ ಕೆಂಪು ಪ್ರೋಬು, ಅದರದ್ದೇ ಮೈಗೆ ಕಪ್ಪು ಪ್ರೋಬು ಇಟ್ಟೆ. 14.4. ಡೈನಮೋ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ. ಹಾಗಾದರೆ 2 ವೋಲ್ಟ್ ದಾರಿಯಲ್ಲಿ ಕಳೆದುಹೋಗುತ್ತಿದೆ.

ಇಲ್ಲಿಂದ ಮುಂದೆ ಬರೀ ಲೆಕ್ಕ. ಡೈನಮೋ ಬೋಲ್ಟಿನಿಂದ ಬ್ಯಾಟರಿ ಪ್ಲಸ್ಸಿಗೆ ಅಳೆದರೆ 0.2. ಡೈನಮೋ ಮೈಯಿಂದ ಬ್ಯಾಟರಿ ಮೈನಸ್ಸಿಗೆ ಅಳೆದರೆ 1.8. ಎರಡೂ ಕೂಡಿಸಿದರೆ 2. ಕಳೆದುಹೋದದ್ದು ಪೂರ್ತಿ ಸಿಕ್ಕಿತು. ಪ್ಲಸ್ ಕಡೆ ಸರಿ ಇದೆ, ಅರ್ತ್ ಕಡೆ, ಅಂದರೆ ಕರೆಂಟ್ ಬ್ಯಾಟರಿ ಮೈನಸ್ಸಿನ ಮೂಲಕ ಸುತ್ತು ಮುಗಿಸುವ ದಾರಿಯಲ್ಲಿ ತೊಂದರೆ.

ಈ ಕಾರಿನಲ್ಲಿ ಬ್ಯಾಟರಿ ಮೈನಸ್ಸಿನಿಂದ ಎರಡು ಕೇಬಲ್ ಹೊರಡುತ್ತವೆ. ಒಂದು ಬಾಡಿಗೆ, ಇನ್ನೊಂದು ಗೇರ್‌ಬಾಕ್ಸಿಗೆ. ಬಾಡಿ ಕಡೆಯದು 0.03, ಚೆನ್ನಾಗಿದೆ. ಗೇರ್‌ಬಾಕ್ಸ್ ಕಡೆಯದರಲ್ಲೇ ಅಷ್ಟೂ ಹೋಗುತ್ತಿತ್ತು. ಸ್ಟಾರ್ಟ್ ಹೊಡೆಯುವಾಗ ಅಳೆದರೆ 3 ವೋಲ್ಟಿನ ಮೇಲೆ! ಅಲ್ಲಿ 0.2, 0.3ಕ್ಕಿಂತ ಜಾಸ್ತಿ ಇರಬಾರದು. ಬೆಳಿಗ್ಗೆ ಸ್ಟಾರ್ಟರ್ ಎಳೆಯುತ್ತಿದ್ದದ್ದಕ್ಕೆ ಉತ್ತರವೂ ಇಲ್ಲೇ ಸಿಕ್ಕಿತು.

ಬ್ಯಾಟರಿ ಟ್ರೇ ಬಿಚ್ಚಿ ಕೆಳಗೆ ಟಾರ್ಚ್ ಬಿಟ್ಟೆ. ಯಾವಾಗಲೋ ಕ್ಲಚ್ ಪ್ಲೇಟ್ ಕೆಲಸ ಆಗಿತ್ತು. ವಾಪಸ್ ಕೂರಿಸಿದವರು ಅರ್ತ್ ಕೇಬಲ್ಲಿನ ಲಗ್ಗನ್ನು, ಅಂದರೆ ತುದಿಯ ಲೋಹದ ಬಳೆಯನ್ನು, ಕೆಸರು, ತುಕ್ಕಿನ ಮೇಲೇ ಇಟ್ಟು ಬೇರೆ ಯಾವುದೋ ಬೋಲ್ಟ್ ಹಾಕಿ ಬಿಗಿದಿದ್ದರು. ಲಗ್ ಒಳಗಿನ ತಾಮ್ರ ಹಸಿರು ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲಿ ಕ್ಲಚ್ ಕೇಬಲ್ಲಿನ ಮೇಲಿನ ಪ್ಲಾಸ್ಟಿಕ್ ಬಿಸಿಗೆ ಸುಕ್ಕಾಗಿತ್ತು. ಯಜಮಾನರನ್ನು ಕರೆದು ಅದನ್ನು ತೋರಿಸಿದೆ. ಅರ್ತ್ ಕೇಬಲ್ ಕೈಕೊಟ್ಟರೆ ಕರೆಂಟ್ ಸುಮ್ನೆ ಕೂರುವುದಿಲ್ಲ. ಎಂಜಿನ್ನಿಗೂ ಬಾಡಿಗೂ ತಾಗಿದ ಯಾವುದಾದರೂ ಲೋಹ ಸಿಕ್ಕಿದರೆ ಅದರಲ್ಲೇ ವಾಪಸ್ ಹೋಗುತ್ತದೆ. ಕ್ಲಚ್ ಕೇಬಲ್, ಆಕ್ಸಲರೇಟರ್ ಕೇಬಲ್, ಏನಾದರೂ ಸರಿ. ಕಾರಣವೇ ಇಲ್ಲದೆ ಕೇಬಲ್ ಮತ್ತೆ ಮತ್ತೆ ಕೆಡುತ್ತಿದ್ದರೆ ಅರ್ತ್ ನೋಡಿ ಅಂತ ಯಜಮಾನರಿಗೆ ಆವತ್ತಿನಿಂದ ಹೇಳುತ್ತಲೇ ಇದ್ದೇನೆ.

ಹೊಸ ಲಗ್ಗನ್ನು ಕೇಬಲ್ಲಿಗೆ ಕ್ರಿಂಪ್ ಮಾಡಿ, ಅಂದರೆ ಒತ್ತಿ ಕೂರಿಸಿ, ಗೇರ್‌ಬಾಕ್ಸಿನ ಆ ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಸ್ಟಾರ್ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆವು. ಮತ್ತೆ ಎಲ್ಲ ಲೋಡ್ ಹಾಕಿ ಅಳೆದರೆ ಅರ್ತ್ ಕಡೆ 0.05, ಬ್ಯಾಟರಿ ಮೇಲೆ 14.1. ಹೋಗಿದೆ ಅಂದಿದ್ದ ಸ್ಟೀರಿಂಗ್ ಯೂನಿಟ್ ಇವತ್ತಿಗೂ ಅದೇ ಇದೆ. ಪಾಪ, ಅದಕ್ಕೆ ಏನೂ ಆಗಿರಲಿಲ್ಲ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಮೋಟರ್ ತುಂಬ ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ತೀರಾ ಕಡಿಮೆಯಾದರೆ ಅದು ಕೋಡ್ ಬರೆದಿಟ್ಟು ಕೆಲಸ ನಿಲ್ಲಿಸುತ್ತದೆ. ಹಾಗೆ ಮಾಡಲೆಂದೇ ಅದನ್ನು ಮಾಡಿರುವುದು.

ಹೀಗೆ ದಾರಿಯಲ್ಲಿ ವೋಲ್ಟೇಜ್ ಕಳೆದುಹೋಗುವುದಕ್ಕೆ ವೋಲ್ಟೇಜ್ ಡ್ರಾಪ್ ಅನ್ನುತ್ತಾರೆ. ಮೇಷ್ಟ್ರಿಗೆ ಅದನ್ನು ಹೇಳುವಾಗ ನಾಲೆಯ ಉದಾಹರಣೆ ಕೊಟ್ಟೆ. ಕೆಆರ್‌ಎಸ್ ತುಂಬಿದೆ, ಗೇಟ್ ಎತ್ತಿದ್ದಾರೆ, ಆದರೂ ಮಳವಳ್ಳಿ ಕಡೆ ಕೊನೆ ಭಾಗದ ಗದ್ದೆಗೆ ನೀರಿಲ್ಲ. ಆಗ ಯಾರಾದರೂ ಹೊಸ ಅಣೆಕಟ್ಟೆ ಕಟ್ಟಿ ಅನ್ನುತ್ತಾರಾ? ನಾಲೆ ಏರಿ ಮೇಲೆ ನಡೆದು ಎಲ್ಲಿ ಹೂಳು ತುಂಬಿದೆ, ಎಲ್ಲಿ ಒಡೆದಿದೆ ನೋಡುತ್ತಾರೆ. ಮೇಷ್ಟ್ರು ಗದ್ದೆ ಇಟ್ಟುಕೊಂಡವರು, ಇನ್ನು ವಿವರಿಸುವ ಅಗತ್ಯ ಬೀಳಲಿಲ್ಲ.

ನೀರು ಬಿಟ್ಟಾಗಲೇ ನಾಲೆ ಎಲ್ಲಿ ಕಟ್ಟಿದೆ ಅಂತ ಗೊತ್ತಾಗುವುದು. ವೈರೂ ಹಾಗೇ. ತುಂಬ ಜನ ಮಲ್ಟಿಮೀಟರನ್ನು ಬೀಪ್ ಮೋಡಿಗೆ ಇಟ್ಟು, ಕೀಂಯ್ ಅಂದರೆ ವೈರ್ ಸರಿ ಇದೆ ಅನ್ನುತ್ತಾರೆ. ಆ ಮೋಡಿನಲ್ಲಿ ಮೀಟರ್ ಬಿಡುವ ಕರೆಂಟ್ ತೀರಾ ಕಡಿಮೆ. ಇಪ್ಪತ್ತು ಎಳೆಗಳ ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಅದೇ ವೈರಿನಲ್ಲಿ 10 ಆಂಪ್ ಹೋಗು ಅಂದರೆ ಹೋಗುವುದಿಲ್ಲ. ಸುಮ್ನೆ ವೋಲ್ಟೇಜ್ ನೋಡಿದರೂ ಇದೇ ಕಥೆ, ಲೋಡ್ ಇಲ್ಲದಿದ್ದರೆ ಆ ಒಂದು ಎಳೆಯಲ್ಲೂ ಪೂರ್ತಿ 12 ತೋರಿಸುತ್ತದೆ.

ಅದಕ್ಕೇ ನಮ್ಮ ಶೆಡ್ಡಿನಲ್ಲಿ ಹಳೇ ಕಾಲದ ಟೆಸ್ಟ್ ಬಲ್ಬು ಇನ್ನೂ ಇದೆ. 21 ವಾಟಿನ ಬ್ರೇಕ್ ಬಲ್ಬಿಗೆ ಎರಡು ವೈರು ಬೆಸುಗೆ ಹಾಕಿ ತುದಿಗೆ ಕ್ಲಿಪ್ ಹಾಕಿದ್ದೇನೆ. ಅದು ಒಂದೂಮುಕ್ಕಾಲು ಆಂಪ್ ಹತ್ತಿರ ಎಳೆಯುತ್ತದೆ. ವೈರು ಗಟ್ಟಿ ಇದ್ದರೆ ಬಲ್ಬ್ ಚೆನ್ನಾಗಿ ಉರಿಯುತ್ತದೆ, ಇಲ್ಲದಿದ್ದರೆ ಮಂಕಾಗುತ್ತದೆ. ಮೈಸೂರಿನ ಮಂಡಿ ಮೊಹಲ್ಲಾದ ಹಳೇ ಆಟೋ ಎಲೆಕ್ಟ್ರಿಷಿಯನ್ನರು ಬರೀ ಬಲ್ಬ್ ಹಿಡಿದುಕೊಂಡೇ ಎಷ್ಟೋ ಗಾಡಿ ರಿಪೇರಿ ಮಾಡಿದ್ದಾರೆ, ಅವರ ಮೇಲೆ ನನಗೆ ಗೌರವ ಇದೆ. ಆದರೆ ಈ ಬಲ್ಬನ್ನು ಫ್ಯಾನು, ಹಾರ್ನು, ಹೆಡ್‌ಲೈಟಿನಂಥ ದಪ್ಪ ವೈರುಗಳಿಗೆ ಮಾತ್ರ ಬಳಸಬೇಕು. ಸೆನ್ಸರ್ ವೈರಿಗೋ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದರ ಪಿನ್ನಿಗೋ ಹಿಡಿದರೆ ಒಳಗಿನ ಚಿಕ್ಕ ಟ್ರಾನ್ಸಿಸ್ಟರ್ ಸುಡಬಹುದು. ಅಲ್ಲಿಗೆ ಮಲ್ಟಿಮೀಟರೇ ಸರಿ.

ಇನ್ನು ಸ್ಕ್ಯಾನರ್. ಈಗ ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ ಚಿಕ್ಕ ಡಾಂಗಲ್ ಎಲ್ಲರ ಹತ್ತಿರವೂ ಇದೆ. ಒಳ್ಳೆಯದೇ. ಆದರೆ ಅಗ್ಗದವು ಹೆಚ್ಚಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ. ಎಬಿಎಸ್, ಏರ್‌ಬ್ಯಾಗ್, ಬಾಡಿ ಕಂಟ್ರೋಲ್ ಕಡೆ ಹೋಗುವುದಿಲ್ಲ. ಮತ್ತೆ, ಕೋಡ್ ಅಂದರೆ ತೀರ್ಪು ಅಲ್ಲ, ದೂರು. ಪಿ 0562 ಹೇಳುವುದು ಸಿಸ್ಟಮ್ ವೋಲ್ಟೇಜ್ ಕಡಿಮೆ ಅಂತ ಅಷ್ಟೇ. ಬ್ಯಾಟರಿ ಕೆಟ್ಟಿದೆ ಅಂತ ಅದು ಎಲ್ಲೂ ಹೇಳಿಲ್ಲ. ಪಿ 0340 ಬಂದರೆ ಕ್ಯಾಮ್‌ಶಾಫ್ಟ್ ಸೆನ್ಸರ್ ಸರ್ಕ್ಯೂಟ್ ಅಂತ ಬರುತ್ತದೆ. ಸರ್ಕ್ಯೂಟ್ ಅಂದರೆ ಸೆನ್ಸರ್ ಒಂದೇ ಅಲ್ಲ, ಅದಕ್ಕೆ ಬರುವ ಸಪ್ಲೈ, ಅರ್ತ್, ಸಿಗ್ನಲ್ ವೈರು, ಕನೆಕ್ಟರ್ ಎಲ್ಲ ಸೇರಿದೆ. ನಾಲ್ಕೈದು ಸೆನ್ಸರುಗಳ ಕೋಡ್ ಒಟ್ಟಿಗೇ ಬಂದರಂತೂ ಅಂಗಡಿಗೆ ಓಡಬೇಡಿ. ಎಷ್ಟೋ ಸೆನ್ಸರುಗಳಿಗೆ ಇಸಿಯು ಒಂದೇ 5 ವೋಲ್ಟ್ ಲೈನ್ ಹಂಚಿರುತ್ತದೆ. ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೆ ಆ ಲೈನೇ ಮಲಗುತ್ತದೆ, ಉಳಿದವೂ ಬಾಯಿ ಬಡಿದುಕೊಳ್ಳುತ್ತವೆ. ಒಂದೊಂದೇ ಸಾಕೆಟ್ ಬಿಚ್ಚುತ್ತಾ ಹೋಗಿ, ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬಂತೋ ಅದೇ ಕಳ್ಳ.

ಇನ್ನೊಂದು ಕೋಪ ಹೇಳಿಬಿಡುತ್ತೇನೆ. ಬಂದ ತಕ್ಷಣ ಕೋಡ್ ಅಳಿಸುವ ಚಟ. ಕೋಡಿನ ಜೊತೆ ಆ ಕ್ಷಣದ ಸ್ಪೀಡು, ಆರ್‌ಪಿಎಂ, ಕೂಲೆಂಟ್ ಬಿಸಿ ಎಲ್ಲ ಫ್ರೀಜ್ ಫ್ರೇಮ್ ಅಂತ ಉಳಿದಿರುತ್ತದೆ. ಆಗಾಗ ಬಂದು ಹೋಗುವ ತೊಂದರೆಗೆ ಅದೇ ದೊಡ್ಡ ಸುಳಿವು. ಬರೆದುಕೊಳ್ಳದೆ ಅಳಿಸಿದರೆ ಸಾಕ್ಷಿಯನ್ನೇ ಒರೆಸಿದಂತೆ.

ಯೂನಿಟ್‌ಗಳು ಒಂದಕ್ಕೊಂದು ಮಾತಾಡುತ್ತಿಲ್ಲ ಅನ್ನುವ ಯು ಕೋಡುಗಳು ಬಂದರೆ ನನಗೆ ಖುಷಿ, ಯಾಕೆಂದರೆ ಅದು ನನ್ನ ಹಳೇ ಕೆಲಸಕ್ಕೆ ಹತ್ತಿರ. ಯೂನಿಟ್‌ಗಳು ಮಾತಾಡುವ ಲೈನಿಗೆ ಕ್ಯಾನ್ ಬಸ್ ಅನ್ನುತ್ತಾರೆ. ಬಾಷ್ ಕಂಪನಿ 1986ರಲ್ಲಿ ಹೊರತಂದದ್ದು, ಈಗ ಹೆಚ್ಚುಕಮ್ಮಿ ಎಲ್ಲ ಕಾರಲ್ಲೂ ಇದೆ. ಒಂದಕ್ಕೊಂದು ಹೆಣೆದ ಎರಡು ವೈರು. ಸುಮ್ನೆ ಇದ್ದಾಗ ಎರಡರಲ್ಲೂ 2.5 ವೋಲ್ಟ್ ಆಸುಪಾಸು. ಮಾತಾಡುವಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಎರಡು ತುದಿಗೂ 120 ಓಮ್ ರೆಸಿಸ್ಟರ್. ಬ್ಯಾಟರಿ ಮೈನಸ್ ಬಿಚ್ಚಿ, ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಹಾಕುವ ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಓಮ್ ನೋಡಿದರೆ ಎರಡೂ ಸೇರಿ 60 ಬರಬೇಕು. 120 ಬಂದರೆ ಎಲ್ಲೋ ಲೈನ್ ಕಟ್ಟಾಗಿದೆ ಅಥವಾ ಒಂದು ತುದಿಯ ಯೂನಿಟ್ ಸಾಕೆಟ್ ಕಳಚಿದೆ. ಸೊನ್ನೆ ಹತ್ತಿರ ಬಂದರೆ ಎರಡು ವೈರೂ ಒಂದಕ್ಕೊಂದು ತಾಗಿವೆ. ಕೆಲವು ಕಾರಲ್ಲಿ ಸಾಕೆಟ್ ಹಿಂದೆ ಗೇಟ್‌ವೇ, ಅಂದರೆ ನಡುವೆ ನಿಂತು ಮಾತು ದಾಟಿಸುವ ಇನ್ನೊಂದು ಯೂನಿಟ್ ಕೂತಿರುತ್ತದೆ, ಅಲ್ಲಿ ಈ ಲೆಕ್ಕ ನೇರವಾಗಿ ನಡೆಯುವುದಿಲ್ಲ, ಡಯಾಗ್ರಾಂ ನೋಡಿಕೊಳ್ಳಬೇಕು.

ಬ್ಯಾಟರಿ ರಾತ್ರೋರಾತ್ರಿ ಇಳಿಯುವ ಕೇಸು ಬೇರೆ ತರಹದ್ದು. ಸೋಮವಾರ ಕಾರನ್ನು ಮಂಡ್ಯ ರೈಲ್ವೆ ಸ್ಟೇಷನ್‌ನಲ್ಲಿ ನಿಲ್ಲಿಸಿ ಬೆಂಗಳೂರಿಗೆ ಹೋಗಿ ಶುಕ್ರವಾರ ಬರುವ ಒಬ್ಬ ಹುಡುಗ ಇದ್ದಾನೆ. ವಾಪಸ್ ಬರುವಷ್ಟರಲ್ಲಿ ಗಾಡಿ ಸತ್ತಿರುತ್ತಿತ್ತು. "ಅಕ್ಕ, ಪ್ರತಿ ವಾರ ಆಟೋದವರ ಹತ್ರ ತಳ್ಳಿಸ್ಕೊಂಡು ಸಾಕಾಗಿದೆ" ಅಂತ ಬಂದ.

ಇಲ್ಲಿ ಬೇಕಾಗುವುದು ತಾಳ್ಮೆ. ಕಾರು ಲಾಕ್ ಆದ ಕೂಡಲೇ ಒಳಗಿನ ಯೂನಿಟ್‌ಗಳು ಮಲಗುವುದಿಲ್ಲ. ಕೆಲವಕ್ಕೆ ಅರ್ಧ ಗಂಟೆಗೂ ಜಾಸ್ತಿ ಬೇಕು. ಬಾನೆಟ್ ಮತ್ತು ಬಾಗಿಲಿನ ಲಾಚನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿದ ಹಾಗೆ ಮಾಡಿ, ಕೀಯನ್ನು ದೂರ ಇಟ್ಟು, ಟೀ ಕುಡಿದು ಬರಬೇಕು. ಎಲ್ಲ ಮಲಗಿದ ಮೇಲೆ ಬ್ಯಾಟರಿಯಿಂದ ಹೋಗುವ ಕರೆಂಟ್ 50 ಮಿಲಿಆಂಪ್ ಒಳಗಿದ್ದರೆ ಸರಿ. ಇವನದ್ದು 400 ಇತ್ತು. ಅಂದರೆ ದಿನಕ್ಕೆ 9.6 ಆಂಪ್ ಅವರ್. ಚಿಕ್ಕ ಕಾರಿನ 35 ಆಂಪ್ ಅವರ್ ಬ್ಯಾಟರಿ ನಾಲ್ಕು ದಿನ ಕೂಡ ತಡೆಯುವುದಿಲ್ಲ. ಶುಕ್ರವಾರದ ಲೆಕ್ಕ ಸರಿ ಹೋಯಿತು.

ಆಮೇಲೆ ಫ್ಯೂಸ್ ಕಿತ್ತು ಕಿತ್ತು ನೋಡಬಾರದು. ಕಿತ್ತು ಹಾಕಿದರೆ ಮಲಗಿದ್ದ ಯೂನಿಟ್ ಎದ್ದು ಕೂರುತ್ತದೆ, ರೀಡಿಂಗ್ ಕೆಡುತ್ತದೆ. ಪ್ರತಿ ಫ್ಯೂಸಿನ ತಲೆ ಮೇಲೆ ಲೋಹದ ಎರಡು ಚುಕ್ಕೆ ಇವೆಯಲ್ಲ, ಅವುಗಳ ನಡುವೆ ಮಿಲಿವೋಲ್ಟ್ ಅಳೆದರೆ ಸಾಕು. ಸೊನ್ನೆ ಇದ್ದರೆ ಅದರಲ್ಲಿ ಕರೆಂಟ್ ಹರಿಯುತ್ತಿಲ್ಲ. ಇವನ ಕಾರಲ್ಲಿ ಸ್ಟೀರಿಯೋ ಫ್ಯೂಸ್ ಮೇಲೆ ರೀಡಿಂಗ್ ಬಂತು. ಹೊರಗೆ ಹಾಕಿಸಿದ ದೊಡ್ಡ ಸ್ಕ್ರೀನ್. ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರಬೇಕಾದ ವೈರನ್ನು ಯಾವಾಗಲೂ ಕರೆಂಟ್ ಇರುವ ವೈರಿಗೇ ಸುತ್ತಿ ಟೇಪ್ ಹಾಕಿದ್ದರು. ಸ್ಕ್ರೀನ್ ಕಪ್ಪಗಿದ್ದರೂ ಒಳಗೆ ಎಚ್ಚರವಾಗೇ ಇತ್ತು. ವೈರು ಬದಲಿಸಿದೆ, ಮುಗಿಯಿತು.

ಹೊಸ ಕಾರುಗಳಲ್ಲಿ ಒಂದು ವಿಷಯ ನೆನಪಿರಲಿ. ಮೈಲೇಜಿಗಾಗಿ ಇಸಿಯು ತಾನೇ ಚಾರ್ಜಿಂಗ್ ಕಡಿಮೆ ಮಾಡುವುದುಂಟು. ಒಂದೇ ವೇಗದಲ್ಲಿ ಹೋಗುವಾಗ 12.8 ತೋರಿಸಿ, ಆಕ್ಸಲರೇಟರ್ ಬಿಟ್ಟಾಗ 14.5 ದಾಟಬಹುದು. ಅದನ್ನು ನೋಡಿ ಡೈನಮೋ ಬಿಚ್ಚಬೇಡಿ. ಅಂಥ ಕಾರುಗಳ ಮೈನಸ್ ಟರ್ಮಿನಲ್ ಮೇಲೆ ಕರೆಂಟ್ ಸೆನ್ಸರ್ ಇರುತ್ತದೆ. ಅದರ ಲೆಕ್ಕ ತಪ್ಪದ ಹಾಗೆ, ಚಾರ್ಜರ್ ಹಾಕುವಾಗ ಮೈನಸ್ ಕ್ಲಿಪ್ಪನ್ನು ಬಾಡಿಗೆ ಹಾಕಿ.

ಕಬ್ಬು ಕಡಿಯುವ ಕಾಲದಲ್ಲಿ ಇಲಿ ಕಡಿದ ವೈರಿಂಗ್ ಕೇಸು ನಮ್ಮಲ್ಲಿ ಜಾಸ್ತಿ. ಕಡಿದ ವೈರನ್ನು ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಒಳಗೆ ತೇವ ಹೋಗಿ ಹಸಿರಾಗುತ್ತದೆ. ಸರಿಯಾಗಿ ಕ್ರಿಂಪ್ ಮಾಡಿ, ಒಳಗೆ ಅಂಟು ಸವರಿದ, ಬಿಸಿ ಮಾಡಿದರೆ ಬಿಗಿಯುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಬೇಕು. ಕ್ಯಾನ್ ವೈರಾದರೆ ಹೆಣಿಗೆ ಬಿಚ್ಚದೆ ಜೋಡಿಸಬೇಕು. ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಅಲ್ಲಿ ಮೀಟರನ್ನೂ ಇಡಬೇಡಿ, ಬಲ್ಬನ್ನಂತೂ ಹಿಡಿಯಲೇಬೇಡಿ. ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗೆ ನಾನೇ ಕೈ ಹಾಕುವುದಿಲ್ಲ. ಅದಕ್ಕೆ ಬೇರೆ ತರಬೇತಿ, ಬೇರೆ ಗ್ಲೌಸು ಬೇಕು.

ಕೊನೆಗೆ ದುಡ್ಡಿನ ಮಾತು, ಯಾಕೆಂದರೆ ಜಗಳ ಆಗುವುದೇ ಅಲ್ಲಿ. ಒಂದು ಡೈನಮೋ ಬದಲಾಯಿಸಿ ಸಾವಿರಾರು ರೂಪಾಯಿ ಕೇಳಿದರೆ ಜನ ಚೌಕಾಸಿ ಮಾಡಿಯಾದರೂ ಕೊಡುತ್ತಾರೆ. ಅರ್ಧ ದಿನ ಅಳೆದು ಒಂದು ಲಗ್ ಬದಲಾಯಿಸಿದರೆ, "ಒಂದ್ ಬೋಲ್ಟ್ ಬಿಗಿ ಮಾಡಿದ್ದಕ್ಕೆ ಇಷ್ಟಾ?" ಅನ್ನುತ್ತಾರೆ. ಪಾರ್ಟು ಕಣ್ಣಿಗೆ ಕಾಣುತ್ತದೆ, ಅಳತೆ ಕಾಣುವುದಿಲ್ಲ. ಮೆಕ್ಯಾನಿಕ್‌ಗಳು ಊಹೆ ಮೇಲೆ ಪಾರ್ಟ್ ಹಾಕುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಹುಡುಕುವುದಕ್ಕೆ ಯಾರೂ ಕೂಲಿ ಕೊಡದಿದ್ದರೆ ಅವರು ಯಾಕೆ ಹುಡುಕುತ್ತಾರೆ?

ಅದಕ್ಕೆ ಈಗ ನಾನು ಬಿಲ್ಲಿನ ಹಿಂದೆ ರೀಡಿಂಗ್ ಬರೆದು ಕೊಡುತ್ತೇನೆ. ಯಾವ ಜಾಗದಿಂದ ಯಾವ ಜಾಗಕ್ಕೆ, ಯಾವ ಲೋಡ್ ಹಾಕಿದಾಗ, ರಿಪೇರಿಗೆ ಮುಂಚೆ ಎಷ್ಟು, ಆಮೇಲೆ ಎಷ್ಟು. ಯಜಮಾನರು ಮೊದಲು ನಕ್ಕರು, "ಆಸ್ಪತ್ರೆ ಚೀಟಿ ಕೊಡ್ತಿದ್ದೀಯಲ್ಲ" ಅಂದರು. ಈಗ ಎಂಜಿನ್ ಕಂಪ್ರೆಷನ್ ನೋಡಿದಾಗ ಅವರೂ ಬಿಲ್ಲಿನ ಹಿಂದೆ ಬರೆಯುತ್ತಾರೆ. ನಾಳೆ ಆ ಕಾರು ಬೇರೆ ಊರಲ್ಲಿ ಕೈಕೊಟ್ಟು ಬೇರೆ ಮೆಕ್ಯಾನಿಕ್ ಹತ್ತಿರ ಹೋದರೆ ಅವರಿಗೂ ಆ ನಂಬರು ಉಪಯೋಗಕ್ಕೆ ಬರುತ್ತದೆ. ನೀವೂ ಗಾಡಿ ಬಿಡುವಾಗ "ಕರೆಂಟ್ ಪ್ರಾಬ್ಲಂ" ಅಂತಷ್ಟೇ ಹೇಳಿ ಹೋಗಬೇಡಿ. ಯಾವ ಹೊತ್ತಲ್ಲಿ ಆಯಿತು, ಮಳೆ ಇತ್ತಾ, ಏನೇನು ಆನ್ ಇತ್ತು, ಅದಕ್ಕೆ ಮುಂಚೆ ಯಾವ ಕೆಲಸ ಮಾಡಿಸಿದ್ದಿರಿ, ಇಷ್ಟು ಹೇಳಿ. ಮೇಷ್ಟ್ರು ಕತ್ತಲಾದ್ರೆ ಅಂತ ಅಂದಿರದಿದ್ದರೆ ನಾನು ಹೆಡ್‌ಲೈಟ್ ಹಾಕಿಸುವುದಕ್ಕೆ ಇನ್ನೂ ಎಷ್ಟು ಹೊತ್ತು ಬೇಕಾಗುತ್ತಿತ್ತೋ.